ಗಲ್ಲಾಪೆಟ್ಟಿಗೆ ಮೇಲಿನ ಲಕ್ಷ್ಮಿ ಪಟ ಬರೆದವರು ಯಾರು? ನೋಡಿ ನೋಡಿಯೇ ಕಲಿತ ರಾಜಾ ರವಿವರ್ಮ

ಗುಬ್ಬಿ: ನಮ್ಮ ಪೇಟೆಯ ಯಾವುದೇ ದಿನಸಿ ಅಂಗಡಿ, ಬಟ್ಟೆ ಅಂಗಡಿ, ಕೊಬ್ಬರಿ ಮಂಡಿ ಒಳಗೆ ಹೋಗಿ ತಲೆ ಎತ್ತಿ ನೋಡಿ. ಗೋಸಲ ಚನ್ನಬಸವೇಶ್ವರ ಸ್ವಾಮಿ ಪಟ ಇರುತ್ತೆ, ಸಿದ್ಧಗಂಗೆಯ ಬುದ್ಧಿಯವರ ಫೋಟೋ ಇರುತ್ತೆ, ಕೆಲವು ಕಡೆ ಎಡೆಯೂರು ಸಿದ್ಧಲಿಂಗೇಶ್ವರರ ಪಟವೂ ಇರುತ್ತೆ. ಇವುಗಳ ಜೊತೆಗೆ ತಪ್ಪದೆ ಇರುವುದು ಲಕ್ಷ್ಮಿ. ನೀರಿನಲ್ಲಿ ಅರಳಿದ ಕಮಲದ ಮೇಲೆ ಸೀರೆ ಉಟ್ಟು ನಿಂತ ದೇವಿ, ನಾಲ್ಕು ಕೈ, ಮೇಲಿನ ಎರಡು ಕೈಯಲ್ಲಿ ತಾವರೆ, ಪಕ್ಕದಲ್ಲಿ ಹಾರ ಹಿಡಿದ ಆನೆ. ದಿನಾ ಬೆಳಗ್ಗೆ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಕೈ ಮುಗಿದು ಆಮೇಲೆ ಗಲ್ಲಾಪೆಟ್ಟಿಗೆ ಮುಟ್ಟುವವರಲ್ಲಿ ಎಷ್ಟೋ ಜನಕ್ಕೆ ಈ ರೂಪವನ್ನು ಮೊದಲು ಬರೆದವರು ಯಾರು ಅಂತ ಗೊತ್ತಿರುವುದಿಲ್ಲ.

ಅವರ ಹೆಸರು ರಾಜಾ ರವಿವರ್ಮ. ಕೇರಳದವರು. ಯಾವ ಚಿತ್ರಕಲಾ ಶಾಲೆಗೂ ಹೋದವರಲ್ಲ. ಅವರಿಗೆ ದೊಡ್ಡ ಹೆಸರು ತಂದುಕೊಟ್ಟ ತೈಲವರ್ಣದ ಕೆಲಸವನ್ನು ಯಾವ ಗುರುವೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಬೇರೆಯವರು ಬರೆಯುವುದನ್ನು ನೋಡಿ, ಮನೆಗೆ ಬಂದು ತಪ್ಪು ಮಾಡಿ, ತಿದ್ದಿ ಕಲಿತರು. ಕೊನೆಗೆ ಅರಮನೆಗಳಿಗೆ ಬರೆದಿದ್ದನ್ನೇ ಅಚ್ಚು ಹಾಕಿಸಿ ಸಾಮಾನ್ಯರ ಮನೆಗೆ ಕಳಿಸಿದರು. ನಮ್ಮ ಕರ್ನಾಟಕಕ್ಕೂ ಅವರಿಗೂ ನಂಟು ಹತ್ತಿರದ್ದು. ಕೊಲ್ಲೂರು, ಮೈಸೂರು ಎರಡೂ ಅವರ ಬದುಕಿನಲ್ಲಿ ಮುಖ್ಯವಾದ ಜಾಗಗಳು.

ಹುಟ್ಟು ಮತ್ತು ಬಾಲ್ಯ

ರವಿವರ್ಮ ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವನಂತಪುರಕ್ಕೆ ಹತ್ತಿರದ ಕಿಳಿಮಾನೂರಿನಲ್ಲಿ. ತಿರುವಾಂಕೂರು ರಾಜಮನೆತನದ ಜೊತೆ ಸಂಬಂಧ ಬೆಳೆಸಿಕೊಂಡು ಬಂದಿದ್ದ ಮನೆತನ ಅದು. ಮನೆಯಲ್ಲಿ ಓದು, ಸಂಗೀತ, ಕಥಕಳಿ ಎಲ್ಲ ಇತ್ತು. ಹುಡುಗ ಇದ್ದಿಲು ಹಿಡಿದು ಮನೆ ಗೋಡೆ ತುಂಬಾ ಪ್ರಾಣಿ, ಮನುಷ್ಯರ ಚಿತ್ರ ಬರೆಯುತ್ತಿದ್ದ ಅಂತ ಹೇಳುವುದುಂಟು. ಸೋದರಮಾವ ರಾಜರಾಜವರ್ಮ ಸ್ವತಃ ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುವವರು. ಹುಡುಗನ ಕೈಚಳಕ ನೋಡಿ ಬೈಯುವ ಬದಲು ಮೊದಲ ಪಾಠ ಅವರೇ ಹೇಳಿಕೊಟ್ಟರು.

ರವಿವರ್ಮರಿಗೆ 14 ವರ್ಷ ಆದಾಗ, ಅಂದರೆ 1862ರಲ್ಲಿ, ಮಾವ ಅವರನ್ನು ತಿರುವನಂತಪುರದ ಅರಮನೆಗೆ ಕರೆದುಕೊಂಡು ಹೋದರು. ಆಗಿನ ಮಹಾರಾಜ ಆಯಿಲ್ಯಂ ತಿರುನಾಳ್ ಹುಡುಗನನ್ನು ಮೆಚ್ಚಿ ಅಲ್ಲೇ ಉಳಿಸಿಕೊಂಡರು. ಅರಮನೆಯಲ್ಲಿದ್ದ ಚಿತ್ರಗಳನ್ನು, ವಿದೇಶದಿಂದ ತರಿಸಿದ್ದ ಚಿತ್ರಪುಸ್ತಕಗಳನ್ನು ನೋಡುವ ಅವಕಾಶ ಸಿಕ್ಕಿತು. ಸೀಸದ ಕಡ್ಡಿ, ಜಲವರ್ಣ ಇಷ್ಟರಲ್ಲಿ ಕೈ ಪಳಗಿತು. ಆದರೆ ಮನಸ್ಸು ಇದ್ದದ್ದು ಎಣ್ಣೆ ಬಣ್ಣದ ಮೇಲೆ. ಆಗ ನಮ್ಮ ದೇಶಕ್ಕೆ ಅದು ಹೊಸ ಕಸುಬು. ಬಲ್ಲವರು ಬೆರಳೆಣಿಕೆಯಷ್ಟು ಜನ, ಅವರೂ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ.

ಹೇಳಿಕೊಡಲು ಒಲ್ಲೆ ಎಂದವರು

ಅರಮನೆಯಲ್ಲಿ ರಾಮಸ್ವಾಮಿ ನಾಯ್ಡು ಎಂಬ ಆಸ್ಥಾನ ಕಲಾವಿದರಿದ್ದರು. ತೈಲವರ್ಣದಲ್ಲಿ ಅವರು ಪಳಗಿದವರು. ಹುಡುಗ ಮುಂದೆ ಪೈಪೋಟಿಗೆ ಬರುತ್ತಾನೆ ಅನ್ನಿಸಿತೋ ಏನೋ, ಹೇಳಿಕೊಡಲು ಒಪ್ಪಲಿಲ್ಲ. ಅವರ ಶಿಷ್ಯ ಆರುಮುಗಂ ಪಿಳ್ಳೆ ಮಾತ್ರ ರಾತ್ರಿ ಹೊತ್ತು ಗುಟ್ಟಾಗಿ ಬಂದು ಬಣ್ಣ ಬೆರೆಸುವ ಕೆಲವು ವಿಷಯ ತಿಳಿಸಿಕೊಟ್ಟರು ಅಂತ ರವಿವರ್ಮರ ಜೀವನಚರಿತ್ರೆ ಬರೆದವರು ಹೇಳುತ್ತಾರೆ.

1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಮಹಾರಾಜರ ಭಾವಚಿತ್ರ ಬರೆಯಲು ತಿರುವನಂತಪುರಕ್ಕೆ ಬಂದರು. ಇವರಾದರೂ ಕಲಿಸುತ್ತಾರೇನೋ ಅಂದುಕೊಂಡರೆ ಅವರೂ ಒಲ್ಲೆ ಅಂದರು. ಮಹಾರಾಜರ ಮಾತಿಗೆ ಕಟ್ಟುಬಿದ್ದು, ತಾವು ಬರೆಯುವಾಗ ಪಕ್ಕದಲ್ಲಿ ನಿಂತು ನೋಡಲು ಮಾತ್ರ ಬಿಟ್ಟರು. ರವಿವರ್ಮರಿಗೆ ಅಷ್ಟೇ ಸಾಕಾಯಿತು. ಮೊದಲು ಯಾವ ಬಣ್ಣ ಬೀಳುತ್ತೆ, ಅದು ಎಷ್ಟು ಒಣಗಿದ ಮೇಲೆ ಇನ್ನೊಂದು ಬಣ್ಣ ಹಚ್ಚಬೇಕು, ನೆರಳನ್ನು ಹೇಗೆ ತೀಡಬೇಕು, ಚರ್ಮದ ಬಣ್ಣ ಹೇಗೆ ಬರುತ್ತೆ ಎಲ್ಲವನ್ನೂ ಕಣ್ಣಲ್ಲೇ ತುಂಬಿಕೊಂಡು ಹೋಗಿ ಮನೆಯಲ್ಲಿ ಮಾಡಿ ನೋಡಿದರು.

ನಮ್ಮಲ್ಲಿ ಬೋರ್ಡ್ ಬರೆಯೋರು, ಲಾರಿ ಹಿಂದೆ ಹದ್ದು, ಹುಲಿ ಬರೆಯೋರು ಕಸುಬು ಕಲಿತದ್ದೂ ಇದೇ ದಾರಿಯಲ್ಲಿ ಅನ್ನುವುದು ಇಲ್ಲಿ ನೆನಪಾಗುತ್ತದೆ. ಮೊದಲು ಡಬ್ಬ ಹಿಡಿದು ನಿಂತು ನೋಡುವುದು, ಬ್ರಷ್ ತೊಳೆಯುವುದು, ಆಮೇಲೆ ಗೆರೆ ಹಾಕುವುದು, ಕೊನೆಗೆ ಅಕ್ಷರ. ಕ್ಯಾಲೆಂಡರ್ ಚಿತ್ರದ ಮೇಲೆ ಸಣ್ಣ ಚೌಕ ಹಾಕಿಕೊಂಡು, ಗೋಡೆ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹೊಡೆದು, ಒಂದೊಂದೇ ಮನೆ ತುಂಬಿಸುತ್ತಾ ಬಂದರೆ ಅಂಗೈ ಅಗಲದ ಚಿತ್ರ ಆಳೆತ್ತರಕ್ಕೆ ಬರುತ್ತೆ. ಕೈಬರಹದ ಬೋರ್ಡುಗಳ ಕಾಲದಲ್ಲಿ ಗೋಡೆಗೆ ಏರಿದ ಲಕ್ಷ್ಮಿ, ಸರಸ್ವತಿಯರಲ್ಲಿ ಎಷ್ಟೋ ಚಿತ್ರಗಳ ಮೂಲ ರವಿವರ್ಮರದ್ದೇ.

ಕೊಲ್ಲೂರಿನ ವ್ರತ, ಮೊದಲ ಸಂಪಾದನೆ

1870ರಲ್ಲಿ ರವಿವರ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನ ವ್ರತ ಹಿಡಿದು ಕುಳಿತರು. ಚಿತ್ರ ಬರೆಯುವುದನ್ನೇ ಬದುಕಾಗಿ ಮಾಡಿಕೊಳ್ಳಬೇಕು ಅಂತ ತೀರ್ಮಾನ ಮಾಡಿದ ಕಾಲ ಅದು. ರಾಜಮನೆತನದ ನಂಟಿನವರು ದುಡ್ಡಿಗೆ ಚಿತ್ರ ಬರೆದುಕೊಡುವುದು ಆಗಿನ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ವ್ರತ ಮುಗಿಸಿಕೊಂಡು ಹೋಗುವ ದಾರಿಯಲ್ಲಿ ಕಲ್ಲಿಕೋಟೆಯ ಒಂದು ಕುಟುಂಬದವರ ಚಿತ್ರ ಬರೆದುಕೊಟ್ಟು ಸಂಭಾವನೆ ಪಡೆದರು. ಅವರ ವೃತ್ತಿಯ ಲೆಕ್ಕ ಶುರುವಾಗುವುದು ಅಲ್ಲಿಂದ.

ಮೂರೇ ವರ್ಷಕ್ಕೆ ಹೆಸರು ಊರು ದಾಟಿತು. 1873ರಲ್ಲಿ ಮುಡಿಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಹೆಣ್ಣುಮಗಳ ಚಿತ್ರಕ್ಕೆ ಮದ್ರಾಸಿನ ಪ್ರದರ್ಶನದಲ್ಲಿ ಗವರ್ನರ್ ಚಿನ್ನದ ಪದಕ ಬಂತು. ಅದೇ ವರ್ಷ ವಿಯೆನ್ನಾ ಪ್ರದರ್ಶನದಲ್ಲೂ ಬಹುಮಾನ. 1876ರಲ್ಲಿ ಕಮಲದ ಎಲೆ ಮೇಲೆ ದುಷ್ಯಂತನಿಗೆ ಓಲೆ ಬರೆಯುತ್ತಾ ಮಲಗಿರುವ ಶಕುಂತಲೆಯ ಚಿತ್ರ ಬರೆದರು. ಅದನ್ನು ಮದ್ರಾಸಿನ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ ಕೊಂಡುಕೊಂಡರು. ಕಾಳಿದಾಸನ ನಾಟಕವನ್ನು ಇಂಗ್ಲಿಷಿಗೆ ತಂದ ಮೋನಿಯರ್ ವಿಲಿಯಮ್ಸ್ ತಮ್ಮ ಪುಸ್ತಕದ ಮೊದಲ ಪುಟಕ್ಕೆ ಇದೇ ಚಿತ್ರ ಹಾಕಿಕೊಂಡರು. 1893ರಲ್ಲಿ ಅಮೆರಿಕದ ಷಿಕಾಗೋದಲ್ಲಿ ನಡೆದ ವಿಶ್ವ ಮೇಳಕ್ಕೆ ಇವರ 10 ಚಿತ್ರಗಳು ಹೋಗಿ ಪದಕ ಪಡೆದವು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಮೇಳದ ಸಂದರ್ಭದಲ್ಲಿ.

ದೇವರಿಗೆ ಸೀರೆ ಉಡಿಸಿದ್ದು

ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ರಾಮಾಯಣ, ಮಹಾಭಾರತದ 14 ಚಿತ್ರಗಳನ್ನು ಬರೆಸಿಕೊಂಡರು. ಅದಕ್ಕೆ ಮೊದಲು ರವಿವರ್ಮ ತಮ್ಮ ಸಿ. ರಾಜರಾಜವರ್ಮರನ್ನು ಜೊತೆಗೆ ಕರೆದುಕೊಂಡು ಉತ್ತರ ಭಾರತ ಸುತ್ತಿದರು. ಸೀತೆ, ದ್ರೌಪದಿ, ದಮಯಂತಿಗೆ ಯಾವ ಉಡುಗೆ ಹಾಕಬೇಕು ಅನ್ನುವುದು ಅವರ ಪ್ರಶ್ನೆ. ಒಂದೊಂದು ಸೀಮೆಗೆ ಒಂದೊಂದು ಉಡುಪು. ಯಾವ ಊರಿನವರು ನೋಡಿದರೂ ‘ಇವಳು ನಮ್ಮವಳು’ ಅನ್ನಬೇಕು. ಕೊನೆಗೆ ಅವರು ಆರಿಸಿಕೊಂಡದ್ದು ಸೀರೆಯನ್ನು. ದೇವಿಯರು ಸೀರೆ ಉಟ್ಟೇ ಇರುತ್ತಾರೆ ಅನ್ನುವ ಚಿತ್ರ ದೇಶದ ಉದ್ದಗಲಕ್ಕೂ ಜನರ ತಲೆಯಲ್ಲಿ ಗಟ್ಟಿಯಾಗಿ ಕೂರಲು ಇವರ ಕುಂಚವೇ ದೊಡ್ಡ ಕಾರಣ.

ಚಿತ್ರಗಳು ಮುಗಿದ ಮೇಲೆ ಅವನ್ನು ತಿರುವನಂತಪುರ, ಬೊಂಬಾಯಿಗಳಲ್ಲಿ ಜನರಿಗೆ ತೋರಿಸಲಾಯಿತು. ಜನ ಮುಗಿಬಿದ್ದರು. ಆದರೆ ಅಸಲು ಚಿತ್ರ ಇರುವುದು ಒಂದೇ, ಅದು ಹೋಗುವುದು ಅರಮನೆಗೆ. ನೋಡಿ ಆಸೆಪಟ್ಟವರಿಗೆ ಏನು ಕೊಡುವುದು?

ಮಳವಳ್ಳಿ ಅಲ್ಲ, ಮಳವಲಿ: ಅಚ್ಚುಕೂಟದ ಕಥೆ

ತಿರುವಾಂಕೂರು ಮತ್ತು ಬರೋಡಗಳಲ್ಲಿ ದಿವಾನರಾಗಿದ್ದ ಟಿ. ಮಾಧವರಾಯರು ಇದಕ್ಕೆ ಮೊದಲೇ, 1884ರಲ್ಲಿ, ರವಿವರ್ಮರಿಗೆ ಕಾಗದ ಬರೆದಿದ್ದರು. ನಿಮ್ಮ ಚಿತ್ರ ಬೇಕು ಅನ್ನುವವರು ಬಹಳ ಜನ, ನಿಮಗಿರುವುದು ಎರಡೇ ಕೈ, ಹಾಗಾಗಿ ಚಿತ್ರಗಳನ್ನು ಯುರೋಪಿಗೆ ಕಳಿಸಿ ಬಣ್ಣದಲ್ಲಿ ಅಚ್ಚು ಹಾಕಿಸಿ ಅನ್ನುವುದು ಅವರ ಸಲಹೆಯ ತಾತ್ಪರ್ಯ. ಹತ್ತು ವರ್ಷ ಕಳೆದು 1894ರಲ್ಲಿ ರವಿವರ್ಮ ಯುರೋಪಿಗೆ ಕಳಿಸುವ ಬದಲು ಬೊಂಬಾಯಿಯ ಗಿರಗಾಂವ್‌ನಲ್ಲಿ ಸ್ವಂತ ಅಚ್ಚುಕೂಟವನ್ನೇ ತೆರೆದರು. ಯಂತ್ರ ಜರ್ಮನಿಯದು, ಕೆಲಸ ಬಲ್ಲವರೂ ಅಲ್ಲಿಂದಲೇ ಬಂದರು. ಮೊದಲು ಹೊರಬಂದ ಚಿತ್ರ ಶಕುಂತಲಾ ಜನನ. ಬೆನ್ನಿಗೇ ಲಕ್ಷ್ಮಿ, ಸರಸ್ವತಿ ಮುಂತಾದ ದೇವರ ಪಟಗಳು ಬಂದವು.

ಇದು ಕಲ್ಲಚ್ಚಿನ ಕೆಲಸ. ನಯವಾಗಿ ಉಜ್ಜಿದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲಿಗೆ ನೀರು ಸವರಿದರೆ ಜಿಡ್ಡು ಇರುವ ಕಡೆ ನೀರು ನಿಲ್ಲುವುದಿಲ್ಲ. ಆಮೇಲೆ ಎಣ್ಣೆ ಶಾಯಿ ಉರುಳಿಸಿದರೆ ಅದು ಜಿಡ್ಡಿಗೆ ಮಾತ್ರ ಅಂಟುತ್ತೆ. ಅದರ ಮೇಲೆ ಕಾಗದ ಇಟ್ಟು ಒತ್ತಿದರೆ ಚಿತ್ರ ಬರುತ್ತೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಹತ್ತು ಬಣ್ಣ ಬೇಕಾದರೆ ಹತ್ತು ಕಲ್ಲು, ಅದೇ ಹಾಳೆ ಹತ್ತು ಸಲ ಯಂತ್ರಕ್ಕೆ ಹೋಗಬೇಕು. ಒಂದು ಸಲ ಕೂದಲೆಳೆಯಷ್ಟು ಜರುಗಿದರೂ ದೇವಿಯ ತುಟಿ ಬಣ್ಣ ಕೆನ್ನೆಗೆ ಬೀಳುತ್ತೆ. ಕೊನೆಗೆ ಮೆರುಗೆಣ್ಣೆ ಹಚ್ಚಿ, ತೈಲಚಿತ್ರದ ಹಾಗೆ ಹೊಳೆಯುವಂತೆ ಮಾಡುತ್ತಿದ್ದರು. ಇವನ್ನೇ ಓಲಿಯೋಗ್ರಾಫ್ ಅನ್ನುತ್ತಾರೆ.

ಪಟ ಜನರ ಮನೆ ಸೇರಿತು, ಆದರೆ ವ್ಯಾಪಾರ ಕೈ ಕಚ್ಚಿತು. ಅಂಗಡಿ ನಡೆಸುವವರಿಗೆ ಈ ಭಾಗ ಚೆನ್ನಾಗಿ ಅರ್ಥ ಆಗುತ್ತೆ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. 1899ರಲ್ಲಿ ಅಚ್ಚುಕೂಟವನ್ನು ಲೋನಾವಳ ಹತ್ತಿರದ ಮಳವಲಿಗೆ ಸಾಗಿಸಿದರು. ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿ ಅಂದುಕೊಳ್ಳಬೇಡಿ, ಇದು ಮಹಾರಾಷ್ಟ್ರದ ಊರು. ಸಾಲ ಮಾತ್ರ ಇಳಿಯಲಿಲ್ಲ. 1900ರ ನಂತರದ ಮೊದಲ ವರ್ಷಗಳಲ್ಲೇ, ಅಲ್ಲಿ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್‌ಗೆ ಅಚ್ಚುಕೂಟವನ್ನು ಮಾರಬೇಕಾಯಿತು. ಯಂತ್ರದ ಜೊತೆಗೆ ಅನೇಕ ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಹೋಯಿತು.

ಶ್ಲೈಷರ್‌ಗೆ ವ್ಯಾಪಾರ ಗೊತ್ತಿತ್ತು. ಬರೀ ದೇವರ ಪಟ ನೆಚ್ಚಿಕೊಳ್ಳದೆ ಲೇಬಲ್, ಜಾಹೀರಾತು, ಕ್ಯಾಲೆಂಡರ್ ಕೆಲಸವನ್ನೂ ಹಿಡಿದರು. ವರ್ಷಕ್ಕೊಮ್ಮೆ ಅಂಗಡಿಯವರು ಗಿರಾಕಿಗಳಿಗೆ ದೇವರ ಕ್ಯಾಲೆಂಡರ್ ಕೊಡುವ ಪದ್ಧತಿಯ ಬೇರು ಆ ಕಾಲದಲ್ಲಿದೆ. ದಾದಾಸಾಹೇಬ್ ಫಾಲ್ಕೆ ಕೂಡ ಈ ಅಚ್ಚುಕೂಟದಲ್ಲಿ ಕೆಲಕಾಲ ದುಡಿದವರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆದು ನಮ್ಮ ದೇಶದ ಸಿನಿಮಾಕ್ಕೆ ಬುನಾದಿ ಹಾಕಿದವರು ಅವರೇ. 1972ರಲ್ಲಿ ಬೆಂಕಿ ಬಿದ್ದು ಮಳವಲಿಯ ಅಚ್ಚುಕೂಟ ಸುಟ್ಟುಹೋಯಿತು.

ಮೈಸೂರು ಅರಮನೆಯ ಚಿತ್ರಗಳು

ಮೈಸೂರಿಗೆ ರವಿವರ್ಮ ಮೊದಲು ಬಂದದ್ದು 1885ರಲ್ಲಿ, ಚಾಮರಾಜೇಂದ್ರ ಒಡೆಯರ ಕರೆಯ ಮೇಲೆ. ಆಗ ರಾಜಮನೆತನದವರ ಭಾವಚಿತ್ರಗಳನ್ನು ಬರೆದುಕೊಟ್ಟರು. 1897ರಲ್ಲಿ ಮೈಸೂರಿನ ಹಳೇ ಅರಮನೆ ಸುಟ್ಟು, ಈಗಿರುವ ಅರಮನೆ ಏಳುತ್ತಿದ್ದ ಸಮಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಪುರಾಣದ 9 ಚಿತ್ರಗಳನ್ನು ಬರೆಯಲು ಅವರಿಗೆ ಹೇಳಿದರು.

ಅದು ಅವರ ಕೊನೆಯ ದೊಡ್ಡ ಕೆಲಸ. 1905ರ ಜನವರಿಯಲ್ಲಿ, ಬದುಕಿನುದ್ದಕ್ಕೂ ಜೊತೆಗೆ ನಿಂತಿದ್ದ ತಮ್ಮ ರಾಜರಾಜವರ್ಮ ತೀರಿಕೊಂಡರು. ಅಣ್ಣನ ಚಿತ್ರಗಳಿಗೆ ಹಿನ್ನೆಲೆ ಬರೆಯುವುದು, ಪತ್ರ ವ್ಯವಹಾರ, ಪ್ರಯಾಣದ ಏರ್ಪಾಡು, ದಿನಚರಿ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ರವಿವರ್ಮರಿಗೂ ಮಧುಮೇಹದಿಂದ ಆರೋಗ್ಯ ಕೆಟ್ಟಿತ್ತು. ಅಂಥ ಸ್ಥಿತಿಯಲ್ಲೂ ಮೈಸೂರಿನ ಚಿತ್ರಗಳ ಕೆಲಸ ಬಿಡಲಿಲ್ಲ. 1906ರ ಅಕ್ಟೋಬರ್ 2ರಂದು 58ನೇ ವಯಸ್ಸಿಗೆ ತೀರಿಕೊಂಡರು.

ಬಿಲ್ಲು ಹಿಡಿದು ಸಮುದ್ರರಾಜನ ಗರ್ವ ಇಳಿಸುವ ರಾಮ, ಕೌರವರ ಸಭೆಗೆ ಸಂಧಾನಕ್ಕೆ ಬಂದ ಕೃಷ್ಣ ಮುಂತಾದ ಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆಯಲ್ಲಿ ಕಾಣಬಹುದು. ಮೈಸೂರಿಗೆ ಹೋದವರು ದೊಡ್ಡ ಅರಮನೆ, ಮೃಗಾಲಯ ನೋಡಿಕೊಂಡು ವಾಪಸ್ ಬರುವುದು ರೂಢಿ. ಜಗನ್ಮೋಹನ ಅರಮನೆಯೂ ಅಲ್ಲೇ ಹತ್ತಿರ ಇದೆ. ಅಚ್ಚಿನಲ್ಲಿ ಮಾತ್ರ ಕಂಡಿದ್ದ ಕೈ ಅಸಲಿನಲ್ಲಿ ಎಷ್ಟು ದೊಡ್ಡದಾಗಿ ಕೆಲಸ ಮಾಡಿತ್ತು ಅನ್ನುವುದು ಅಲ್ಲಿ ಗೊತ್ತಾಗುತ್ತೆ.

ಹೊಗಳಿದವರು, ತೆಗಳಿದವರು

ಎಲ್ಲರೂ ರವಿವರ್ಮರನ್ನು ಒಪ್ಪಲಿಲ್ಲ. ಕಲಾ ವಿಮರ್ಶಕ ಆನಂದ ಕುಮಾರಸ್ವಾಮಿ ಅವರಂಥವರು, ಇವು ನಾಟಕದ ಸೀನಿನ ಹಾಗಿವೆ, ದೇವರು ನಮ್ಮದಾದರೂ ಕೈ ಯುರೋಪಿನದು ಅನ್ನುವ ಅರ್ಥದಲ್ಲಿ ಟೀಕೆ ಮಾಡಿದರು. ಬಂಗಾಳದಲ್ಲಿ ಅವನೀಂದ್ರನಾಥ ಠಾಕೂರರು ಬೇರೆ ದಾರಿ ಹಿಡಿದರು. ನಮ್ಮ ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವರ ಬಳಿ ಕಲಿತರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ ಅವರ ಹೆಸರಿನದೇ.

ನಾಟಕದ ಸೀನಿನ ಹಾಗಿದೆ ಅನ್ನುವ ಮಾತು ಗುಬ್ಬಿಯವರಿಗೆ ಬೈಗುಳವಾಗಿ ಕೇಳಿಸುವುದಿಲ್ಲ. ನಮ್ಮ ಊರಿನ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಮಾಧವರಾಯರು ರವಿವರ್ಮರಿಗೆ ಕಾಗದ ಬರೆದ ವರ್ಷವೂ ಅದೇ. ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ದರ್ಬಾರಿನ ಪರದೆ, ಕಾಡಿನ ಪರದೆ, ಬೀದಿ ಪರದೆ ಅಂತ ಬಣ್ಣದ ಪರದೆಗಳ ಮುಂದೆ ಕೃಷ್ಣ, ರಾಮ, ದ್ರೌಪದಿ ನಿಂತು ಮಾತಾಡಿದರು. ಕಿರೀಟ, ಆಭರಣ, ನಿಲುವು ಇವುಗಳಲ್ಲಿ ಕಂಪನಿ ನಾಟಕಕ್ಕೂ ಅಚ್ಚಿನ ಪಟಕ್ಕೂ ಕೊಡುಕೊಳ್ಳುವುದು ನಡೆದೇ ಇತ್ತು. ಹಗಲು ಗೋಡೆ ಮೇಲೆ ಕಂಡ ದೇವರನ್ನು ಜನ ರಾತ್ರಿ ರಂಗದ ಮೇಲೆ ಗುರುತು ಹಿಡಿಯುತ್ತಿದ್ದರು.

ಇನ್ನೊಂದು ವಿಷಯವನ್ನು ಟೀಕೆ ಮಾಡಿದವರೂ ಅಲ್ಲಗಳೆಯುವ ಹಾಗಿಲ್ಲ. ಗುಡಿಯ ಒಳಗೆ ಎಲ್ಲರನ್ನೂ ಬಿಡದೆ ಇದ್ದ ಕಾಲದಲ್ಲಿ ಈ ಪಟ ಯಾರ ಮನೆಗಾದರೂ ಹೋಗಬಹುದಿತ್ತು. ದುಡ್ಡು ಕೊಟ್ಟು ತಂದು, ಮೊಳೆ ಹೊಡೆದು ನೇತುಹಾಕಿ, ಹೂವು ಮುಡಿಸಿದರೆ ಪೂಜೆ ನಡೆಯುತ್ತಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅವರ ನೆರಳು ನಮ್ಮ ಕಾಲದವರೆಗೂ ಬಂದಿದೆ. ದೇವರ ಚಿತ್ರಗಳಿಂದಲೇ ಕನ್ನಡಿಗರ ಮನೆಮಾತಾದ ಬೆಂಗಳೂರಿನ ಬಿ.ಕೆ.ಎಸ್. ವರ್ಮ (1949–2023) ರವಿವರ್ಮರ ಮೇಲಿನ ಅಭಿಮಾನಕ್ಕೆ ತಮ್ಮ ಹೆಸರಿಗೆ ವರ್ಮ ಅಂತ ಸೇರಿಸಿಕೊಂಡವರು.

ನಿಮ್ಮ ಮನೆಯಲ್ಲಿ ಹಳೇ ಪಟ ಇದೆಯೇ?

ಈಗ ನಮ್ಮ ತಾಲ್ಲೂಕಿನ ಮಾತಿಗೆ ಬರೋಣ. ತೊಟ್ಟಿಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ, ಹಳೇ ಅಂಗಡಿಗೆ ಹೊಸ ಷೋಕೇಸ್ ಹಾಕಿಸುವಾಗ ಮೊದಲು ಹೊರಗೆ ಬೀಳುವುದು ಹಳೇ ಪಟಗಳು. ಗಾಜು ಒಡೆದಿದೆ, ಗೆದ್ದಲು ಹಿಡಿದಿದೆ ಅಂತ ಅರಳಿಕಟ್ಟೆ ಮೇಲೆ ಇಟ್ಟು ಬರುತ್ತೇವೆ, ಇಲ್ಲ ಕಟ್ಟಿನ ಮರಕ್ಕೋಸ್ಕರ ಗುಜರಿಗೆ ಕೊಡುತ್ತೇವೆ. ಮಳವಲಿಯ ಅಚ್ಚುಕೂಟ ಸುಟ್ಟುಹೋದ ಮೇಲೆ ಅಲ್ಲಿಂದ ಮತ್ತೆ ಹೊಸ ಪ್ರತಿ ಬರುವ ಮಾತಿಲ್ಲ. ಉಳಿದಿರುವುದು ಜನರ ಮನೆ, ಅಂಗಡಿ, ಮಠಗಳಲ್ಲಿ ಇರುವಷ್ಟೇ. ಹಾಗಾಗಿ ಬಿಸಾಡುವ ಮುಂಚೆ ಒಂದು ಸಲ ನೋಡಿ.

ಗುರುತು ಹಿಡಿಯುವುದು ಹೇಗೆ: ಪಟದ ಕೆಳಗಿನ ಅಂಚಿನಲ್ಲಿ ಇಂಗ್ಲಿಷಿನಲ್ಲಿ ರವಿವರ್ಮ ಪ್ರೆಸ್, ಮಳವಲಿ, ಕಾರ್ಲಾ, ಲೋನಾವಳ ಇಂಥ ಹೆಸರು ಇದೆಯೇ ನೋಡಿ. ಕಟ್ಟು ಹಾಕುವಾಗ ಅಂಚು ಒಳಗೆ ಹೋಗಿರುವುದೂ ಉಂಟು. ಭೂತಗನ್ನಡಿ ಇಟ್ಟು ನೋಡಿದರೆ ಈಗಿನ ಆಫ್‌ಸೆಟ್ ಮುದ್ರಣದಲ್ಲಿ ಸಾಲು ಹಿಡಿದ ಸಣ್ಣ ಚುಕ್ಕಿ ಕಾಣುತ್ತವೆ. ಕಲ್ಲಚ್ಚಿನಲ್ಲಿ ಚುಕ್ಕಿಗಳು ಕೈಯಲ್ಲಿ ಇಟ್ಟ ಹಾಗೆ, ಸಾಲು ತಪ್ಪಿ ಇರುತ್ತವೆ. ಸೀರೆ, ಒಡವೆ ಮೇಲೆ ಜರಿ, ಬಟ್ಟೆ, ಮಣಿ ಅಂಟಿಸಿದ್ದರೆ ಅದನ್ನು ಕೀಳಬೇಡಿ. ಹಿಂದಿನವರು ಪಟವನ್ನು ಹಾಗೆ ಸಿಂಗರಿಸುತ್ತಿದ್ದರು. ಆ ಕೈಕೆಲಸಕ್ಕೂ ಬೆಲೆ ಇದೆ.

ಕಾಪಾಡುವುದು ಹೇಗೆ: ಪಟದ ಕಾಗದವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಣ್ಣ ಎದ್ದು ಬರುತ್ತೆ. ಹರಿದ ಕಡೆ ಸೆಲ್ಲೋಟೇಪ್ ಹಾಕಬೇಡಿ, ಕೆಲವೇ ವರ್ಷಕ್ಕೆ ಹಳದಿ ಕಲೆ ಕೂರುತ್ತೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿಸಿದರೆ ಬಿಡಿಸಲು ಆಗುವುದಿಲ್ಲ. ನೇರ ಬಿಸಿಲು ಬೀಳುವ, ಮಳೆಗಾಲದಲ್ಲಿ ಒಸರುವ ಗೋಡೆಗೆ ನೇತುಹಾಕಬೇಡಿ. ದೀಪ, ಊದುಬತ್ತಿಯ ಹೊಗೆ ನೇರವಾಗಿ ತಾಗದಷ್ಟು ದೂರ ಇರಲಿ. ಹೊಸ ಕಟ್ಟು ಹಾಕಿಸುವಾಗ ಅಂಚು ಕತ್ತರಿಸಬೇಡಿ ಅಂತ ಫ್ರೇಮ್ ಹಾಕುವವರಿಗೆ ಮೊದಲೇ ಹೇಳಿ. ಪೂಜೆಗೆ ಹೊಸ ಪಟವೇ ಬೇಕು ಅಂದರೆ ಹಳೆಯದರ ಫೋಟೋ ತೆಗೆಸಿ, ಅದರ ಪ್ರತಿ ಮಾಡಿಸಿ ಗೋಡೆಗೆ ಹಾಕಿ, ಹಳೆಯದನ್ನು ಬೀರುವಿನಲ್ಲಿ ಜೋಪಾನ ಮಾಡಬಹುದು.

ಅಂಗಡಿಯವರಿಗೆ ಒಂದು ಮಾತು: ರವಿವರ್ಮ ತೀರಿಕೊಂಡು ನೂರು ವರ್ಷ ದಾಟಿದೆ, ಅವರ ಚಿತ್ರಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಕ್ಯಾಲೆಂಡರ್‌ಗೆ, ಆಹ್ವಾನ ಪತ್ರಿಕೆಗೆ ಅವರು ಬರೆದ ಚಿತ್ರ ಬಳಸಬಹುದು. ಆದರೆ ಅವರ ಕೈಯಿಂದ ಬಂದ ಅಸಲು ಚಿತ್ರಗಳನ್ನು ಸರ್ಕಾರ 1979ರಲ್ಲಿ ಕಲಾ ಸಂಪತ್ತು ಅಂತ ಘೋಷಿಸಿದೆ, ಅವನ್ನು ದೇಶದಿಂದ ಆಚೆ ಸಾಗಿಸುವಂತಿಲ್ಲ. ಹಳೇ ಪಟಕ್ಕೆ ಯಾರಾದರೂ ಮನೆ ಬಾಗಿಲಿಗೆ ಬಂದು ಬೆಲೆ ಕಟ್ಟಿದರೆ ಅವಸರ ಬೇಡ. ಅಂಚಿನ ಹೆಸರು ಓದಿ, ಬಲ್ಲವರಿಗೆ ತೋರಿಸಿ, ಮನೆಯ ಹಿರಿಯರನ್ನು ಕೇಳಿ, ಆಮೇಲೆ ತೀರ್ಮಾನ ಮಾಡಿ.